ನಿನ್ನ ಬೈಕಿನ ಕತ್ತು ಸರಿಯಾಗಿದೆ

ಭಾನುವಾರ, ಊಟವಾದ ಮೇಲೆ

ನನ್ನ ಸುಂಟರಗಾಳಿಗೆ,

ಅಮ್ಮನ ಆಶೀರ್ವಾದ. ಅಪ್ಪ ಇಟ್ಟ ಹೆಸರಿನಲ್ಲಿ ನಾನು ಕರೆದೆನೆಂದು ನಗಬೇಡ. ಕಾಗದ ಬಂತೆಂದು ಗಾಬರಿಯಾಗಲೂಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾರೆ. ಈಗ ಮಾತ್ರೆ ನುಂಗಿ ಮಲಗಿದ್ದಾರೆ. ಏಳುವುದರೊಳಗೆ ಬರೆದು ಮುಗಿಸಬೇಕು.

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನ ಬೈಕಿನ ಕತ್ತು ಸರಿಯಾಗಿದೆ. ಬರುವ ತಿಂಗಳ ಪಂದ್ಯಕ್ಕೆ ಧೈರ್ಯವಾಗಿ ಒಯ್ಯಬಹುದು.

ನೀನು ಬೈಕು ಬಿಟ್ಟುಹೋಗುವಾಗ ಹೇಳಿದ್ದೆಯಲ್ಲ, ಮಣ್ಣಿನ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗುತ್ತದೆ, ನೇರಕ್ಕೆ ಬಂದಾಗ ಸಿಕ್ಕಿಕೊಂಡ ಹಾಗಾಗುತ್ತದೆ ಎಂದು. ಅಪ್ಪ ಬೈಕನ್ನು ಸ್ಟೂಲಿನ ಮೇಲೇರಿಸಿ, ಮುಂದಿನ ಚಕ್ರ ನೆಲಕ್ಕೆ ತಾಗದಂತೆ ಮಾಡಿ, ನನ್ನನ್ನು ಕರೆದರು. "ಬಾ ಇಲ್ಲಿ, ಒಂದೇ ಬೆರಳಲ್ಲಿ ತಿರುಗಿಸಿ ನೋಡು." ನಡುವೆ ಬಂದಾಗ ಹ್ಯಾಂಡಲ್ ಸಣ್ಣ ಗುಂಡಿಗೆ ಬಿದ್ದಂತೆ ನಿಂತಿತು. ಹ್ಯಾಂಡಲ್ ತಿರುಗುವ ಕತ್ತಿನ ಮೇಲೊಂದು, ಕೆಳಗೊಂದು ಬೇರಿಂಗ್ ಇರುತ್ತದಂತೆ. ನೀನು ಹಾರಿಸಿ ಕುಕ್ಕಿದ್ದಕ್ಕೆಲ್ಲ ಅವು ಕೂರುವ ಬಟ್ಟಲುಗಳಲ್ಲಿ ತಗ್ಗು ಬಿದ್ದಿದೆ, ಎಲ್ಲ ಹೊಸದು ಹಾಕಬೇಕು ಎಂದರು. ಆಮೇಲೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡೂ ಕಾಲು ಹಿಡಿದು ಹಿಂದೆ ಮುಂದೆ ಎಳೆಯುವುದನ್ನೂ ತೋರಿಸಿದರು. ಸಡಿಲವಿದ್ದರೆ ಅಂಗೈಗೆ 'ಟಕ್' ಎಂದು ತಗಲುತ್ತದೆ.

ಇನ್ನು ನಿನಗೆ ಬೇಡದ ಸುದ್ದಿ. ಅಪ್ಪನ ಬಲಗೈ ನಡುಗುತ್ತದೆ. ಚಳಿಗಾಲದಲ್ಲಿ ಶುರುವಾಗಿದ್ದು. ಆಗ ಚಳಿಯ ಮೇಲೆ ಹಾಕಿದರು, ಆಮೇಲೆ ವಯಸ್ಸಿನ ಮೇಲೆ. ನಾನೇ ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕಾಯಿಲೆಗೆ ಒಂದು ಹೆಸರು ಹೇಳಿ, ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ ಎಂದರು. ಬಸ್ ಡಿಪೋದಲ್ಲಿ ಇಡೀ ಆಯಸ್ಸು ಎಂಜಿನ್ ಬಿಚ್ಚಿ ಕಟ್ಟಿದ ಮನುಷ್ಯ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ನನ್ನಿಂದ ಮಾತು ತೆಗೆದುಕೊಂಡರು. "ಪಂದ್ಯ ಮುಗಿಯೋವರೆಗೂ ಅವಳಿಗೆ ಹೇಳ್ಬೇಡ. ಬೈಕ್ ಮೇಲೆ ಕೂತಾಗ ಅವಳ ತಲೇಲಿ ನನ್ನ ಕೈ ಇರಬಾರದು."

ಹ್ಞೂಂ ಎಂದೆ. ಆ ಮಾತನ್ನು ಈಗ ಮುರಿಯುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ.

ಕೆಲಸಕ್ಕೆ ಕೈ ಹಾಕಿದಾಗ ನನ್ನನ್ನು ಶೆಡ್ಡಿನ ಹತ್ತಿರಕ್ಕೂ ಬಿಡಲಿಲ್ಲ. ಹಳೆಯ ಬಟ್ಟಲುಗಳನ್ನು ಕಬ್ಬಿಣದ ಸಲಾಕೆಯಿಟ್ಟು ಸುತ್ತಿಗೆಯಿಂದ ಹೊಡೆದು ಬಿಡಿಸುತ್ತಿದ್ದರು. ಒಳಗೆ ನಾನು ಹೊಲಿಗೆ ಯಂತ್ರ ನಿಲ್ಲಿಸಿ ಆ ಸದ್ದನ್ನೇ ಕೇಳುತ್ತಿದ್ದೆ. ಒಂದು ಏಟು ಸಲಾಕೆಗೆ ಬಿದ್ದರೆ ಇನ್ನೊಂದು ಬೇರೆಲ್ಲೋ. ಊಟಕ್ಕೆ ಬಂದಾಗ ಹೆಬ್ಬೆರಳು ಊದಿತ್ತು. ಹೊಸ ಬಟ್ಟಲುಗಳನ್ನು ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಕೆಳಗೆ ಇಟ್ಟಿದ್ದರು. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಕೂರುತ್ತವಂತೆ. "ಇದನ್ನ ಎಷ್ಟು ಹೊತ್ತು ಬೇಯಿಸ್ಬೇಕು?" ಎಂದು ಕೇಳಿದೆ. ಎಷ್ಟೋ ದಿನದ ಮೇಲೆ ನಕ್ಕರು. ಗ್ರೀಸ್ ತುಂಬುವಾಗ ಬಾಗಿಲಲ್ಲಿ ನಿಂತು ನೋಡಿದೆ. ಅಂಗೈಯಲ್ಲಿ ಗ್ರೀಸ್ ಹಾಕಿಕೊಂಡು ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ ತುಂಬುತ್ತಿದ್ದರು. ಆ ಕೆಲಸಕ್ಕೆ ನಡುಕದಿಂದ ನಷ್ಟವಿರಲಿಲ್ಲ. ಮುಖದಲ್ಲಿ ಡಿಪೋದ ಕಳೆಯೇ ಬಂದಿತ್ತು.

ಸಂಜೆ ಕೈ ತೊಳೆದುಕೊಂಡು, "ಆಯ್ತು ಕಣೇ, ಅವಳಿಗೆ ಫೋನ್ ಹಚ್ಚು" ಎಂದರು. ಅವತ್ತೇ ನೀನು ಫೋನಿನಲ್ಲಿ ಕುಣಿದಾಡಿದ್ದು.

ಮರುದಿನ ಅವರು ಮಲಗಿದ್ದಾಗ ಪೊರಕೆ ತರಲೆಂದು ಶೆಡ್ಡಿಗೆ ಹೋದೆ. ಬೈಕು ಇನ್ನೂ ಸ್ಟೂಲಿನ ಮೇಲಿತ್ತು. ಯಾಕೋ ಫೋರ್ಕಿನ ಕಾಲುಗಳನ್ನು ಹಿಡಿದು ಎಳೆದೆ. ಟಕ್. ಮತ್ತೆ ಎಳೆದೆ. ಮತ್ತೆ ಟಕ್. ಕತ್ತನ್ನು ಹಿಡಿದಿಡುವ ನಟ್ಟು ಬಿಗಿಯಾಗಿರಲಿಲ್ಲ. ಬಿಗಿಯಾಗಿದೆ ಎಂದು ಅವರ ಕೈ ಅವರಿಗೆ ಸುಳ್ಳು ಹೇಳಿತ್ತು.

ಅಲ್ಲೇ ಕೂತೆ. ಹೇಳಿದರೆ ಅವರು ಕುಸಿಯುತ್ತಾರೆ. ಹೇಳದಿದ್ದರೆ ನೀನು ಅದರ ಮೇಲೆ ಹಾರುತ್ತೀಯ. ಕೊನೆಗೆ ಅಪ್ಪನ ಕೊಕ್ಕೆಯಂಥ ಸ್ಪ್ಯಾನರ್ ತೆಗೆದುಕೊಂಡು, ಸದ್ದು ನಿಲ್ಲುವವರೆಗೂ ನಾನೇ ಬಿಗಿದೆ. ಒಳಗೆ ಬಂದು ಯಾರದೋ ಅಂಗಿಗೆ ಎಡತೋಳನ್ನು ಬಲಕ್ಕೆ ಹೊಲಿದೆ.

ಸಂಜೆ ಶೆಡ್ಡಿನಿಂದ ಕರೆದರು. ಹೋದೆ. ಹ್ಯಾಂಡಲ್ ಹಿಡಿದುಕೊಂಡು ನಿಂತಿದ್ದರು.

"ಯಾರು ಮುಟ್ಟಿದ್ದು ಇದನ್ನ?"

"ನಾನೇ. ಅಲ್ಲಾಡ್ತಿತ್ತು."

ಕೂಗಾಡುತ್ತಾರೆ ಎಂದುಕೊಂಡೆ. ಅವರು ತಮ್ಮ ಬಲಗೈಯನ್ನೇ ನೋಡಿದರು, ಪರಿಚಯವಿಲ್ಲದವರು ಮನೆಯೊಳಗೆ ಬಂದು ನಿಂತರೆ ನೋಡುತ್ತೇವಲ್ಲ, ಹಾಗೆ. ಆಮೇಲೆ ಸ್ಪ್ಯಾನರನ್ನು ನನ್ನ ಕಡೆ ಚಾಚಿದರು.

"ಜಾಸ್ತಿ ಬಿಗಿದಿದ್ದೀಯ. ಹಿಂಗಿದ್ರೆ ಹ್ಯಾಂಡಲ್ ತಾನಾಗಿ ನೇರಕ್ಕೆ ಬರಲ್ಲ, ಬೈಕು ಕುಡಿದವನ ಥರ ಹೋಗುತ್ತೆ. ಸ್ವಲ್ಪ ಬಿಡು. ಅಯ್ಯೋ, ಅಷ್ಟಲ್ಲ! ಒಂದು ನೂಲಿನಷ್ಟು."

ನೂಲು ಎಂದರೆ ನನಗೆ ತಿಳಿಯುತ್ತದೆ. ಬಿಟ್ಟೆ. ಮುಟ್ಟಿದರೆ ಸಾಕು, ಚಕ್ರ ತನ್ನ ಭಾರಕ್ಕೇ ಎಡಕ್ಕೂ ಬಲಕ್ಕೂ ಹೊರಳಿತು. ಎಳೆದರೆ ಸದ್ದಿಲ್ಲ. ಮೇಲಿನ ನಟ್ಟು ಬಿಗಿಸಿ ಮತ್ತೆ ನೋಡಿಸಿದರು. ಬೋಲ್ಟುಗಳನ್ನೆಲ್ಲ ನನ್ನ ಕೈಯಲ್ಲೇ ಹಾಕಿಸಿ ಇನ್ನೊಮ್ಮೆ ನೋಡಿಸಿದರು. ಎಲ್ಲ ಮುಗಿದ ಮೇಲೆ ಗೋಡೆಯ ಕಡೆ ತಿರುಗಿ ತುಂಬ ಹೊತ್ತು ಕೈ ಒರೆಸಿಕೊಂಡರು. ಅಳುತ್ತಿದ್ದರು. ನಾನು ಹೊರಗೆ ಹೋಗಲಿಲ್ಲ. ಒಂದು ಕೈಬಟ್ಟೆ ಕೊಟ್ಟೆ.

ನಿನ್ನ ಜೀವ ಆ ನಟ್ಟಿನ ಮೇಲಿರುತ್ತದೆ ಮಗಳೇ. ಅದು ಹೇಗೆ ಬಿಗಿಯಾಯಿತೆಂದು ನಿನಗೆ ಗೊತ್ತಿರಲೇಬೇಕು. ಅದಕ್ಕೇ ಬರೆದೆ. ಈ ಬೈಕು ಮನೆಗೆ ಬಂದ ದಿನ ಊಟ ಬಿಟ್ಟು ಮಲಗಿದವಳು ನಾನು. ಈಗ ನಾನೇ ಹೇಳುತ್ತೇನೆ, ಪಂದ್ಯ ಬಿಡಬೇಡ. ಬಂದಾಗ ನೀನೂ ಒಮ್ಮೆ ಎಳೆದು ನೋಡು. ಅಪ್ಪನ ಮುಂದೆ ಕಣ್ಣೀರು ಹಾಕಬೇಡ, ಕೆಲಸದ ಮಾತು ಕೇಳು. ಅವರಿಗೆ ಹೇಳಲು ಬಹಳವಿದೆ.

ಇಂತಿ,
ನಿನ್ನ ಅಮ್ಮ

ಮರೆತ ಮಾತಲ್ಲ, ಆಮೇಲೆ ನಡೆದದ್ದು: ಸಹಿ ಹಾಕುವಷ್ಟರಲ್ಲಿ ಅಪ್ಪ ಎದ್ದು ಬಂದು ಹಿಂದೆ ನಿಂತಿದ್ದರು. ಮುಚ್ಚಿಡಲು ಆಗಲಿಲ್ಲ. ಕಾಗದ ತೆಗೆದುಕೊಂಡು ಕಿಟಕಿಯ ಬಳಿ ನಿಂತು ಪೂರ್ತಿ ಓದಿದರು. ಮಾತು ಮುರಿದೆನೆಂದು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಲಕೋಟೆ ಮತ್ತು ಪೆನ್ನು ಕೇಳಿದರು. ನಾನು ಬರೆದುಕೊಡುತ್ತೇನೆ ಎಂದರೂ ಬಿಡಲಿಲ್ಲ. ಕತ್ತಲಾಗುವವರೆಗೂ ಮೇಜಿನ ಮುಂದೆ ಕೂತಿದ್ದರು. ಎರಡು ಲಕೋಟೆ ಹಾಳಾದವು. ನೀನು ಒಡೆದದ್ದು ಮೂರನೆಯದು. ಎಸೆದಿದ್ದರೆ ಹುಡುಕಿ ಎತ್ತಿಟ್ಟುಕೋ. ಅದರ ಮೇಲಿನ ವಿಳಾಸ ಅಪ್ಪನ ಅಕ್ಷರ.