ಸಾಂಬಾರು ಭಟ್ಟರ ರಕ್ತ

ಸೋಮವಾರ, 7 ಜುಲೈ 1958
ಎಂದಿನಂತೆ ಚಟ್ನಿಗೆ ನೀರು ಬೆರೆಸುತ್ತಿದ್ದೆ – ಅಡಿಗೆಯವರ ಕೈ ಉದಾರ, ಅದಕ್ಕೆ ಈ ಕೆಲಸ ಮ್ಯಾನೇಜರನದು. ಹೆಲ್ತ್ ಇನ್‌ಸ್ಪೆಕ್ಟರ್ ಬಂದ. ಮದರಾಸಿನ ನಮ್ಮ ಹೋಟೆಲಿನ ಮೂವರು ಗಿರಾಕಿಗಳಿಗೆ ಟೈಫಾಯ್ಡ್. ಹೋದ ವಾರ ಮಾಡಿದ ಅಡಿಗೆಯವರ ರಕ್ತಪರೀಕ್ಷೆಯಲ್ಲಿ ಟೈಫಾಯ್ಡಿನ ಗುರುತು ಎಲ್ಲರದ್ದೂ ಅಷ್ಟಿಷ್ಟು, ಸಾಂಬಾರಿನ ವಿಷ್ಣುಮೂರ್ತಿ ಭಟ್ಟರದ್ದು ಮಾತ್ರ ಜೋರು. ಆಳು ಗುಂಡುಕಲ್ಲು. ಎಂದೋ ಜ್ವರ ಬಂದು ಹೋಗಿ, ಈಗ ಕಾಯಿಲೆ ಇಲ್ಲದೆಯೂ ಹಂಚುವವರಂತೆ – ಕ್ಯಾರಿಯರ್. ಇಷ್ಟು ದಿನ ಅದರಲ್ಲಿ ಊಟ ಕಳಿಸುತ್ತಿದ್ದೆವು.

ಧಣಿ ಸುಬ್ರಾಯರು: "ಊರಿಗೆ ಕಳ್ಸಿ ಮೆನೇಜರ್ರೇ. ಹೋದ ಗಿರಾಕಿ ವಾಪಸ್ ಬರ್ತಾರಾ?"

ಭಟ್ಟರ ಸಂಬಳದಿಂದಲೇ ಊರಲ್ಲಿ ಒಲೆ ಉರಿಯಬೇಕು. ಮಲಪರೀಕ್ಷೆಗೂ ಕಳಿಸಿದೆ, ಅದರ ಉತ್ತರ ಬರುವವರೆಗಾದರೂ ತಡೆಯೋಣ ಎಂದೆ.

ಮಂಗಳವಾರ
ಕಮಲಾಕರ ಬಂದಿದ್ದ – ಹೆಂಡತಿಯ ತಮ್ಮ, ಆಸ್ಪತ್ರೆಯಲ್ಲಿ ಸ್ಟ್ಯಾಟಿಸ್ಟಿಕ್ಸ್.

"ಭಾವ, ಮೊದಲು ಭಟ್ಟರಿಗೆ ಏನೂ ಇಲ್ಲ ಅಂತಲೇ ಅಂದ್ಕೋಬೇಕು. ಸಾಕ್ಷಿ ಬಲವಾಗಿದ್ರೆ ಮಾತ್ರ ಆ ಎಣಿಕೆ ಬಿಡೋದು. ಏನೂ ಇಲ್ಲದವನನ್ನ ಹಿಡಿದ್ರೆ ಮೊದಲನೇ ತಪ್ಪು. ಇರೋನನ್ನ ಬಿಟ್ರೆ ಎರಡನೇದು. ಇರೋದು ಒಂದೇ ಪರೀಕ್ಷೆ. ಒಂದು ತಪ್ಪು ಕಮ್ಮಿ ಮಾಡಿದ್ರೆ ಇನ್ನೊಂದು ಜಾಸ್ತಿ."

"ಹಾಗಾದರೆ ಏನು ಮಾಡಲಿ?"

"ಯಾವ ತಪ್ಪು ತಡೆದುಕೊಳ್ತೀರಿ, ನೀವೇ ಹೇಳಿ."

ಕಾಫಿ ಕುಡಿದು ಹೋದ. ಇದಕ್ಕೆ ಎಂ.ಎ. ಬೇಕಿತ್ತೆ?

ಹಿಡಿದರೆ ತಪ್ಪು, ಬಿಟ್ಟರೆ ತಪ್ಪು,
ಸಾಂಬಾರಿಗೆ ಯಾರು ಹಾಕಲಿ ಉಪ್ಪು?

ಗುರುವಾರ
ಧಣಿ ಕಾಯಲಿಲ್ಲ. ಭಟ್ಟರನ್ನು ಮಂಗಳೂರು ಮೆಯಿಲ್ ಹತ್ತಿಸಿದೆ. ಕಿಟಕಿಯಿಂದ ಬಗ್ಗಿ ಅಂದರು: "ಹೋದ ತಿಂಗಳು ಟೈಫಾಯ್ಡ್ ಸೂಜಿ ಹಾಕಿದ್ರಲ್ಲ, ನಂಗೆ ಎರಡು ಬಿದ್ದಿದೆ ಮಾರಾಯ್ರೇ. ನಂದೊಂದು, ಧಣಿಗಳದ್ದೊಂದು. ಸೂಜಿ ಕಂಡ್ರೆ ಅವ್ರಿಗೆ ತಲೆ ತಿರುಗ್ತದಲ್ಲ, ಅವರ ಹೆಸರಿಗೂ ನಾನೇ ತೋಳು ಕೊಟ್ಟೆ."

ರೈಲು ಹೊರಟಿತು.

ಶುಕ್ರವಾರ
ಎರಡು ಸೂಜಿಯ ಕತೆ ಕೇಳಿ ಕಮಲಾಕರ ಹಣೆ ಚಚ್ಚಿಕೊಂಡ. "ಅಯ್ಯೋ ಭಾವ! ಒಂದು ಸೂಜಿ ಬಿದ್ರೂ ರಕ್ತ ಕಾಯಿಲೆ ಇದ್ದ ಹಾಗೇ ತೋರಿಸುತ್ತೆ. ಎರಡು ಬಿದ್ರೆ ಕೇಳಬೇಕಾ?"

ಧಣಿಗೆ ಹೇಳಿದೆ. ಅವರು: "ಸೂಜಿ ವಿಷ್ಯ ಬಾಯಿ ಬಿಟ್ರೆ ನಿಮಗೂ ಅದೇ ರೈಲು."

ಮುಚ್ಚಿಕೊಂಡೆ. ಕನ್ನಡ ಬಿ.ಎ.ಗೆ ಮದರಾಸಿನಲ್ಲಿ ಇನ್ನೊಂದು ಗಲ್ಲಾ ಎಲ್ಲಿದೆ?

ಸೋಮವಾರ, 18 ಆಗಸ್ಟ್
ಭಟ್ಟರ ಮಲಪರೀಕ್ಷೆ ಈಗ ಬಂತು – ಏನೂ ಇಲ್ಲ. ಕಮಲಾಕರ: "ಒಂದ್ಸಲ ಸಿಗಲಿಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ." ಕತ್ತು ಹಿಸುಕಬೇಕೆನಿಸಿತು. ಹೊಸ ಭಟ್ಟರು ಬಂದು ತಿಂಗಳ ಮೇಲಾಯಿತು. ಮತ್ತೆ ಇಬ್ಬರು ಗಿರಾಕಿಗಳು ಮಲಗಿದ್ದಾರೆ. ಧಣಿಗೂ ಜ್ವರ.

ಶುಕ್ರವಾರ, 22
ಧಣಿಯದ್ದೂ ಟೈಫಾಯ್ಡೇ. "ಸೂಜಿ ಆಗಿದೆಯಲ್ಲ, ಮತ್ತೆ ಹೇಗೆ?" ಎಂದರು ಡಾಕ್ಟರು. ಧಣಿ ಗೋಡೆಗೆ ಹೊರಳಿದರು. ಡಾಕ್ಟರಿಗೆ ನಾನು ಎಲ್ಲ ಹೇಳಿಬಿಟ್ಟೆ. ಧಣಿ ಬೈಯಲಿಲ್ಲ. ಗೋಡೆಗೇ ಅಂದರು: "ಭಟ್ರಿಗೆ ತಂತಿ ಕೊಡಿ. ಗಂಜಿ ಅವ್ರೇ ಮಾಡ್ಲಿ."

ಸೂಜಿಗೆ ಅಂಜಿದ ಸಾಹುಕಾರ,
ರೈಲನು ಹತ್ತಿದ ಅಡಿಗೆಗಾರ.

ತಂತಿ ಕೊಟ್ಟು ಬಂದೆ. ಮೊದಲನೇ ತಪ್ಪು ಮೆಯಿಲ್ ಹತ್ತಿ ವಾಪಸ್ ಬರುತ್ತದೆ. ಎರಡನೆಯದು ಇನ್ನೂ ಇಲ್ಲೇ ಇದೆ, ಎಲ್ಲೋ. ರಕ್ತ ಕೊಟ್ಟವರು ಅಡಿಗೆಯವರು ಮಾತ್ರ... ಚಟ್ನಿಗೆ ನೀರು ಬೆರೆಸುವ ಕೈಯನ್ನು ಯಾರೂ ಕೇಳಲಿಲ್ಲ. ಹುಡುಗನಾಗಿದ್ದಾಗ ನನಗೂ ಒಮ್ಮೆ ಇದೇ ಜ್ವರ—