ಕೈಗೆ ಕೊಟ್ಟ ಚಾಕು

ಅಪ್ಪಾ,

ನೀನು ತೀರಿಕೊಂಡ ಮೇಲೆ ಹೊಲದ ಬದುವಿಗಾಗಿ ಕಾಕಾನಿಗೂ ತಮ್ಮ ಸಿದ್ದರಾಮನಿಗೂ ಜಗಳವಾಗಿದೆ.

"ಲಿಂಗಸುಗೂರಿಗೆ ಹೊಂಟೀಯಲ್ಲಣ್ಣ, ಒಂದು ಮಡಚೋ ಚಾಕು ತಗೊಂಬಾ. ಬೇವಿನಕಡ್ಡಿ ಕೊಯ್ಯಾಕ" ಎಂದ ಸಿದ್ದರಾಮ ಇವತ್ತು. ಅವನ ಕಣ್ಣು ಕಾಕಾನ ಬಾಗಿಲ ಮೇಲಿತ್ತು. ಆದರೂ ತರುತ್ತೇನೆಂದು ಹೊರಟೆ.

ಅಂಗಡಿಯ ಇಶ್ತಿಯಾಕ್ ಭಾಯಿ ಉದ್ದನೆಯದೊಂದನ್ನು ಬಿಚ್ಚಿ ತೋರಿಸಿದರು. ನಾನು ಬೆರಳುದ್ದದ, ಮೊಂಡು ಮೊನೆಯದನ್ನು ಆರಿಸಿದೆ.

"ಇದಕ್ಕ ಬಾಳೆಹಣ್ಣು ಸೈತ ಹೆದರಂಗಿಲ್ಲ ಬಿಡ್ರಿ" ಎಂದು ನಕ್ಕರು.

ಮನೆಯಲ್ಲಿ ಅದನ್ನು ಚಾಚಿದರೆ ಸಿದ್ದರಾಮ ಕೈ ಹಿಂದೆಳೆದುಕೊಂಡ. "ಕೆಳಗ ಇಡಣ್ಣ. ಚಾಕು ಕೈಯಾಗ ಕೊಟ್ರ ಕೊಟ್ಟವಗೂ ತಗೊಂಡವಗೂ ಜಗಳ ಆಗತೈತಿ ಅಂತಿದ್ದ ಅಪ್ಪ."

ನಾನು ಅವನ ಅಂಗೈ ಬಿಡಿಸಿ ಅದರಲ್ಲೇ ಇಟ್ಟೆ. ಆಗುವ ಜಗಳ ನನ್ನ ಜೊತೆಗೇ ಆಗಲಿ, ಅಪ್ಪಾ.