ಹಗ್ಗಕ್ಕೆ ಒಂದೇ ಒದ್ದೆ ಗೋಣಿ

ಅಪ್ಪಾ,

ಗೆದ್ದುಬಿಟ್ಟೆ ಕಣಪ್ಪಾ! ನಿನ್ನೆ ನನ್ನ ಪಿಎಚ್.ಡಿ. ವೈವಾ ಮುಗೀತು. ನೀನು ಹೋದ್ಮೇಲೆ ಎರಡು ಸಲ ರಾಗಿ ಕುಯ್ಲಾಯ್ತು, ಆದ್ರೂ ನಿನಗೆ ಹೇಳ್ದೆ ಹೊಟ್ಟೆಗೆ ಅನ್ನ ಇಳೀತಿಲ್ಲ.

ಸಾನಮಾವು ಕಾಡಂಚಿನ ನಮ್ಮ ಹೊಲಕ್ಕೆ ಆನೆ ಬೆದರ್ಸೋ ಹಗ್ಗ ಕಟ್ಟಿದ ಸಾಯಂಕಾಲ ನೆನಪಿದೆಯಾ? ಬಾವಿ ಹಗ್ಗ, ನಾರಿನ ಹಗ್ಗ, ನೈಲಾನ್, ಸಿಕ್ಕಿದ್ದನ್ನೆಲ್ಲ ಗಂಟುಹಾಕಿ ನೀನು ಉದ್ದಕ್ಕೂ ಎಣ್ಣೆ ಡಬ್ಬ ನೇತುಹಾಕಿದ್ದೆ. ಅಟ್ಟಣೆಯಿಂದ ಒಂದ್ಸಲ ಜಗ್ಗಿದ್ರೆ ಆ ತುದಿವರೆಗೂ ಡಬ್ಬ ಬಡ್ಕೊಳ್ಳೋವು. ಆದ್ರೆ ನಿಲ್ತಾನೇ ಇರ್ಲಿಲ್ಲ. ಆ ಗಲಾಟೇಲಿ ಆನೆ ಎತ್ತ ಹೋಯ್ತು ಅಂತ ಕೇಳಿಸೋದೆಲ್ಲಿ? ಅದಕ್ಕೇ ನೀನು ಒಂದೇ ಒಂದು ಒದ್ದೆ ಗೋಣಿಚೀಲ ತಂದು ಹಗ್ಗಕ್ಕೆ ಒಂದು ಕಡೆ ಸುತ್ತಿದೆ.

ನಾನಾಗ ಎಂ.ಎಸ್ಸಿ. ಗಣಿತ, ಬಾಯಿ ಸುಮ್ನಿರುತ್ತಾ? "ಒಂದ್ಕಡೆ ಸುತ್ತಿದ್ರೆ ಅಲ್ಲಷ್ಟೇ ನಿಲ್ಲೋದು" ಅಂತ ಹತ್ತು ಕಡೆ ಸುತ್ತಿಬಿಟ್ಟೆ. ಜಗ್ಗಿದ್ರೆ ಒಂದು ಡಬ್ಬಾನೂ ಅಲ್ಲಾಡ್ಲಿಲ್ಲ! ಬಿದ್ದುಬಿದ್ದು ನಕ್ಕೆಯಲ್ಲ ನೀನು. "ಇನ್ಮೇಲೆ ಆನೆ ಬಂದ್ರೆ ನೀನೇ ಬಡ್ಕೋಬೇಕು ಕಣಮ್ಮಾ. ಹಗ್ಗದ ಅದುರು ಎಲ್ಲಿ ಹುಟ್ಟಿದ್ರೂ ಈ ತುದಿಗೂ ಆ ತುದಿಗೂ ಓಡಾಡ್ತದೆ. ಗೋಣಿ ದಾಟ್ಲೇಬೇಕು. ದಾಟ್ದಾಗೆಲ್ಲ ಒಂದಿಷ್ಟು ಸಾಯ್ತದೆ."

ಆ ಮಾತು ನನ್ನ ಐದು ವರ್ಷ ತಿಂತು. ದಪ್ಪ, ತೆಳು ತುಂಡುಗಳ ಹಗ್ಗಕ್ಕೆ ಅಲೆಯ ಸಮೀಕರಣ ಬರೆದು, ಅದರಲ್ಲೂ ಒಂದೇ ಗೋಣಿ ಇಟ್ಟೆ. ಎಷ್ಟೋ ಹೊತ್ತಾದ ಮೇಲೆ ಅದುರೆಲ್ಲ ಆರುತ್ತಾ? ಇಲ್ಲ, ಗಂಟಿಗೆ ಬಡಿದು ವಾಪಸ್ ಬಂದಿದ್ದು ಎಲ್ಲೋ ಒಂದ್ಕಡೆ ಉಳ್ಕೊಳ್ಳುತ್ತಾ? ಮೊದಲನೇ ಪ್ರೂಫ್ ತಪ್ಪಾಯ್ತು, ಗಂಟುಗಳನ್ನೇ ಮರೆತಿದ್ದೆ. ಆಸ್ಪತ್ರೆ ಮಂಚದ ಮೇಲೆ ನೀನು "ಮುಗೀತಾ ಮಗಾ?" ಅಂದಾಗ ನಿನ್ನ ಹೊದಿಕೆ ಸರಿಮಾಡ್ತಾ ಕೂತೆ.

ನಿನ್ನೆ ಪರೀಕ್ಷಕರು ಅಲ್ಲೇ ಹಿಡಿದ್ರು. "ಗಂಟಿನಿಂದ ಅರ್ಧ ವಾಪಸ್ ಬಂದ್ರೆ?" "ಬರ್ಲಿ ಸಾರ್, ಎಷ್ಟು ಸಲ ಬಂದ್ರೂ ಗೋಣಿ ದಾಟ್ಲೇಬೇಕು" ಅಂದು ಬೋರ್ಡ್ ತುಂಬ ಸಾಧಿಸಿ ತೋರಿಸಿದೆ. ಹೌದಪ್ಪಾ, ಗೋಣಿ ಅಂತಾನೇ ಅಂದೆ! ಯಾರ ಐಡಿಯಾ ಅಂತ ಕೇಳಿದ್ರು. ನಿನ್ನ ಹೆಸರು ಹೇಳಿದೆ. ಅವರು ಎದ್ದು ಕೈಕುಲುಕಿ "ಮುನೈವರ್" ಅಂದ್ರು. ನಮ್ಮ ತಮಿಳುನಾಡಲ್ಲಿ ಡಾಕ್ಟರೇಟ್ ಆದವರನ್ನ ಹಾಗೇ ಕರೆಯೋದಲ್ವಾ, ಅಮ್ಮ ಆಗ್ಲೇ ಊರೆಲ್ಲ ಸಾರಿದಾಳೆ.

ಇವತ್ತು ಬೆಳಿಗ್ಗೆ ಒಂದೇ ಗೋಣಿ ಒದ್ದೆ ಮಾಡಿ ಸುತ್ತಿ, ಅಟ್ಟಣೆ ಹತ್ತಿ ನಿನ್ನ ಹಗ್ಗ ಜಗ್ಗಿದೆ. ಡಬ್ಬಗಳು ಆ ತುದಿವರೆಗೂ ಬಡ್ಕೊಂಡ್ವು. ಆಮೇಲೆ ಒಂದೊಂದೇ ಸುಮ್ಮನಾದ್ವು. ಆಸ್ಪತ್ರೇಲಿ ಆವತ್ತು ಕೇಳಿದ್ದೆಯಲ್ಲ?

ಮುಗೀತಪ್ಪಾ. ನೀನು ಹೇಳಿದ್ದೇ ಸರಿ.

ನಿನ್ನ ಮಗಳು